ಹಕ್ಕಲು ಆಯಲು ಹೊರಡುವ ಮುಂಚೆ ಅಡುಗೆಮನೆಗೆ ಫೋನ್ ಮಾಡಿ

ರೈತರೊಬ್ಬರು ಕೊಯ್ಯದೇ ಬಿಟ್ಟದ್ದನ್ನು ಆಯ್ದು ಬಡವರಿಗೆ ಕೊಡೋಣ ಅಂತ, ಅಂದರೆ ಹಕ್ಕಲು ಆಯಲು, ನಮ್ಮ ಚರ್ಚಿನವರು ಮೊದಲ ಸಲ ಹೋದಾಗ ಹೊಲದಿಂದ ತಂದದ್ದು 62 ಕ್ರೇಟ್ ಟೊಮೆಟೊ. ಜನರ ಕೈ ಸೇರಿದ್ದು 23. ಉಳಿದ 39 ಕ್ರೇಟನ್ನು ಮೂರನೇ ದಿನ ಮೂಗು ಮುಚ್ಚಿಕೊಂಡು ಅದೇ ರೈತರ ಹೊಲಕ್ಕೆ ವಾಪಸ್ ಒಯ್ದು ಗೊಬ್ಬರದ ಗುಂಡಿಗೆ ಸುರಿದೆವು. ಅವರು ಬೈಯಲಿಲ್ಲ. "ಇಲ್ಲೇ ಬಿಟ್ಟಿದ್ದರೆ ನಿಮಗೆ ಗಾಡಿ ಬಾಡಿಗೆಯಾದರೂ ಉಳೀತಿತ್ತು" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಅನ್ನಿಸಿತು.

ಆಗಿದ್ದು ಇಷ್ಟು. ಒಂದು ಭಾನುವಾರ ನಮ್ಮ ಸಭಾಪಾಲಕರಾದ ಅಯ್ಯನವರು ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಆಯಬೇಡ, ಅದು ಬಡವರಿಗೂ ಪರದೇಶಿಗೂ ಇರಲಿ ಅನ್ನುವ ಮಾತು. ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ರೈತರೊಬ್ಬರು ಬಾಗಿಲ ಹತ್ತಿರ ನಿಂತು, "ನಾನು ಅಂಚೇನು, ಅರ್ಧ ಹೊಲಾನೇ ಬಿಟ್ಟಿದ್ದೀನಿ" ಎಂದರು. ಟೊಮೆಟೊ ಬೆಲೆ ಬಿದ್ದಿತ್ತು. ಕೊಯ್ಸಿದರೆ ಕೂಲಿಯೂ ಹುಟ್ಟುತ್ತಿರಲಿಲ್ಲ. ಹಣ್ಣು ಗಿಡದಲ್ಲೇ ಕೊಳೆಯುತ್ತಿತ್ತು. ನಮಗೆ ಹುರುಪು ಬಂತು. ಶನಿವಾರ ಮಧ್ಯಾಹ್ನ ಇಪ್ಪತ್ತು ಜನ ಹೋಗಿ ಸಿಕ್ಕಿದ್ದನ್ನೆಲ್ಲ ಕಿತ್ತು ತಂದೆವು. ಯಾರಿಗೆ, ಎಷ್ಟು, ಯಾವಾಗ ಕೊಡುವುದು ಅಂತ ಒಬ್ಬರೂ ಕೇಳಿಕೊಳ್ಳಲಿಲ್ಲ.

ಹೊಲದಲ್ಲಿ ಹಾಳಾಗುವುದು ಸಣ್ಣ ಲೆಕ್ಕವಲ್ಲ. ಕೊಯ್ಲಿನ ನಂತರ, ಅಂಗಡಿ ತಲುಪುವುದರೊಳಗೆ ಜಗತ್ತಿನ ಆಹಾರದಲ್ಲಿ ಸುಮಾರು 14% ನಷ್ಟವಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಹೇಳಿತು. ಗಮನಿಸಿ, ಅದು ಕೊಯ್ಲು ಆದಮೇಲಿನ ಲೆಕ್ಕ. ಕೊಯ್ಯದೇ ಬಿಟ್ಟ ನಮ್ಮ ರೈತರ ಟೊಮೆಟೊ ಅದರೊಳಗೆ ಬರುವುದೇ ಇಲ್ಲ. ಹಾಗಾಗಿ ತರಕಾರಿ ಸಿಗುವುದು ಕಷ್ಟವಲ್ಲ. ಕೇಳಿದರೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಗಿಡ ಬಿಟ್ಟ ಗಳಿಗೆಯಿಂದ ಪಾತ್ರೆಗೆ ಬೀಳುವವರೆಗಿನ ಆ ಕೆಲವು ಗಂಟೆಗಳೇ ಕಷ್ಟ.

ಎರಡನೇ ಸಲಕ್ಕೆ ಮುಂಚೆ ನಾನು ಹೊಲಕ್ಕೆ ಹೋಗಲಿಲ್ಲ, ಅಡುಗೆಮನೆಗಳಿಗೆ ಹೋದೆ. ನಿರಾಶ್ರಿತರಿಗೆ ದಿನಾ ಊಟ ಹಾಕುವ ಒಂದು ಕಡೆ ಅಡುಗೆ ನೋಡಿಕೊಳ್ಳುವ ಅಕ್ಕ ಇದ್ದರು. "ಎಷ್ಟು ಕೊಟ್ಟರೆ ತಗೊಳ್ತೀರಿ ಅಕ್ಕಾ?" ಅಂತ ಕೇಳಿದೆ. "ಎಷ್ಟು ಹೆಚ್ಚೋಕಾಗುತ್ತೋ ಅಷ್ಟು" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅಲ್ಲಿ ಇದ್ದದ್ದು ಎರಡು ಈಳಿಗೆಮಣೆ, ಮೂರು ಜನ. 200 ಜನರಿಗೆ ಬೇಯಿಸುವ ಒಲೆ ಇತ್ತು, ಆದರೆ ಬೆಳಿಗ್ಗೆ ಎಂಟರೊಳಗೆ 30 ಕೆಜಿಗಿಂತ ಜಾಸ್ತಿ ಹೆಚ್ಚಲು ಕೈ ಇರಲಿಲ್ಲ. ಅವತ್ತಿನಿಂದ ನಮ್ಮ ಪುಸ್ತಕದಲ್ಲಿ ಪ್ರತಿ ಅಡುಗೆಮನೆಯ ಹೆಸರಿನ ಮುಂದೆ ಮೂರು ವಿಷಯ ಬರೆಯುತ್ತೇವೆ: ವಾರದ ಯಾವ ದಿನ, ಎಷ್ಟು ಕೆಜಿ, ಎಷ್ಟು ಗಂಟೆಯೊಳಗೆ. ಅವನ್ನೆಲ್ಲ ಕೂಡಿಸಿ ಬಂದ ಲೆಕ್ಕವೇ ನಾವು ಕೀಳುವ ಲೆಕ್ಕ. ಹೊಲದಲ್ಲಿ ಇನ್ನೂ ಎಷ್ಟೇ ಇರಲಿ, ಕಣ್ಣು ಮುಚ್ಚಿಕೊಂಡು ಬರಬೇಕು. ಇದೇ ಎಲ್ಲಕ್ಕಿಂತ ಕಷ್ಟ. ಮೊದಮೊದಲು ಹುಡುಗರು ನನ್ನ ಜೊತೆ ಜಗಳವೇ ಆಡುತ್ತಿದ್ದರು.

ಹೊಲದ ವಿಷಯಕ್ಕೆ ಬಂದರೆ, ಮೊದಲು ಕೇಳಬೇಕಾದ್ದು "ಕೊನೆ ಸಲ ಔಷಧಿ ಹೊಡೆದದ್ದು ಯಾವತ್ತು, ಯಾವುದು?" ಅಂತ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅಂತ ಡಬ್ಬದ ಮೇಲೆಯೇ ಬರೆದಿರುತ್ತದೆ. ಮಾರುವ ಆಸೆ ಬಿಟ್ಟ ಹೊಲದಲ್ಲಿ ಈ ದಿನಗಳ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ. ಕೇಳುವುದಕ್ಕೆ ಸಂಕೋಚ ಆಗುತ್ತದೆ, ದಾನ ಕೊಡುವವರನ್ನು ಅನುಮಾನಿಸಿದ ಹಾಗೆ. ಆದರೂ ಕೇಳಿ. ನೆರೆ ನೀರು ನಿಂತ ಹೊಲದ್ದಂತೂ ಪುಕ್ಕಟೆ ಕೊಟ್ಟರೂ ಬೇಡ. ಆ ನೀರಲ್ಲಿ ಏನೇನು ಬಂದಿರುತ್ತೋ ಯಾರಿಗೆ ಗೊತ್ತು.

ಆಮೇಲೆ ಹೊತ್ತು. ಶನಿವಾರ ಮಧ್ಯಾಹ್ನ ಕಿತ್ತದ್ದೇ ನಮ್ಮ ದೊಡ್ಡ ತಪ್ಪು. ಬಿಸಿಲಲ್ಲಿ ಕಿತ್ತ ಹಣ್ಣು ಆ ಕಾವನ್ನು ಒಳಗೇ ಇಟ್ಟುಕೊಂಡು ಬರುತ್ತದೆ, ಕ್ರೇಟಿನ ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಈಗ ನಾವು ಬೆಳಕು ಹರಿಯುವಾಗ ಹೊಲದಲ್ಲಿ ಇರುತ್ತೇವೆ, ಬಿಸಿಲು ಏರುವ ಮುಂಚೆ ಗಾಡಿ ಹೊರಟಿರುತ್ತದೆ. ಸೊಪ್ಪಾದರೆ ಒದ್ದೆ ಗೋಣಿ ಹೊದಿಸುತ್ತೇವೆ. ಟೊಮೆಟೊಗೆ ನೀರು ಸೋಕಿಸುವುದೇ ಇಲ್ಲ. ತೊಳೆದು ಕೊಟ್ಟರೆ ಚೆನ್ನ ಅಂತ ಒಂದು ಸಲ ತೊಳೆದಿಟ್ಟೆವು, ತೇವ ಆರದೆ ಒಂದೇ ರಾತ್ರಿಯಲ್ಲಿ ಬೂಸ್ಟು ಹಿಡಿಯಿತು. ತೊಳೆಯುವುದು ಅಡುಗೆ ಮಾಡುವವರ ಕೆಲಸ.

ಆರಿಸುವ ಕೆಲಸ ಸಭಾಂಗಣದಲ್ಲಿ ನಡೆಯುತ್ತದೆ. ಹೊಲಕ್ಕೆ ಬರಲಾಗದ ಅಜ್ಜಿಯಂದಿರದೇ ಅಲ್ಲಿ ರಾಜ್ಯ. ಅವರಲ್ಲಿ ಒಬ್ಬರಿಗೆ ಕಣ್ಣು ಮಂಜು. ಆದರೆ ಒಂದೊಂದು ಆಲೂಗಡ್ಡೆಯನ್ನೂ ಅಂಗೈಯಲ್ಲಿ ತಿರುಗಿಸಿ, ಹೆಬ್ಬೆರಳಿನಲ್ಲಿ ಒತ್ತಿ, ಮೂಗಿನ ಹತ್ತಿರ ತಂದು ಪಕ್ಕಕ್ಕಿಡುತ್ತಾರೆ. ಅವರ ಕೈ ದಾಟಿ ಮೆತ್ತಗಾದದ್ದು ಒಂದೂ ಹೋಗಿಲ್ಲ. ಹಸಿರು ತಿರುಗಿದ್ದನ್ನು ಮಾತ್ರ ಪಕ್ಕದಲ್ಲಿ ಕೂತ ಮೊಮ್ಮಗಳು ಹೇಳಬೇಕು. ಬೆಳಕು ಬಿದ್ದ ಆಲೂಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೋಲನೈನ್ ಎಂಬ ವಿಷವೂ ಅದರಲ್ಲಿ ಹೆಚ್ಚುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದನ್ನು ಎಸೆಯಲೇಬೇಕು. ಹಣ್ಣಾದ ಟೊಮೆಟೊ, ಬಾಳೆಹಣ್ಣುಗಳನ್ನು ಸೊಪ್ಪಿನ ಹತ್ತಿರ ಇಡಬೇಡಿ ಅನ್ನುವುದನ್ನೂ ಪೆಟ್ಟು ತಿಂದೇ ಕಲಿತೆವು. ಹಣ್ಣಿನಿಂದ ಹೊರಬರುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ. ವಕ್ರ, ಸಣ್ಣದು, ಸಿಪ್ಪೆ ಬಿರಿದು ಒಣಗಿದ್ದು ಎಲ್ಲ ನಡೆಯುತ್ತದೆ. "ನನ್ನ ಮನೆಗೆ ಒಯ್ಯುತ್ತೇನಾ?" ಅಂತ ಕೇಳಿಕೊಳ್ಳಬೇಕು, ಅಷ್ಟೇ. ಬಡವರಿಗಲ್ವಾ ಅಂತ ಕೊಳೆತದ್ದನ್ನು ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸ್ವಯಂಸೇವಕರ ಬಗ್ಗೆ ಹೆಚ್ಚೇನಿಲ್ಲ. ಭಾನುವಾರ ಕೈ ಎತ್ತಿದವರಲ್ಲಿ ಮೂರನೇ ಒಂದು ಭಾಗ ಗುರುವಾರ ಬೆಳಿಗ್ಗೆ ಏಳುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬಂದವರು ಸಾಲು ಬಿಟ್ಟು ನಡೆಯದ ಹಾಗೆ ನೋಡಿಕೊಳ್ಳಿ. ನಮ್ಮವರೊಬ್ಬರು ಫೋಟೋ ತೆಗೆಯುವ ಭರದಲ್ಲಿ ಹನಿ ನೀರಾವರಿ ಪೈಪು ತುಳಿದು ಮುರಿದರು. ರಿಪೇರಿ ಖರ್ಚನ್ನು ಅವತ್ತೇ ಕೊಟ್ಟೆವು, ಆದರೂ ಆ ರೈತರು ಆರು ತಿಂಗಳು ನಮ್ಮನ್ನು ಕರೆಯಲಿಲ್ಲ. ಇನ್ನೊಂದು ಮಾತು. "ಅಯ್ಯೋ, ಇಷ್ಟೊಂದು ಸುಮ್ನೆ ಬಿಟ್ಟಿದ್ದೀರಲ್ಲ" ಅಂತ ಯಾರೂ ಹೊಲದಲ್ಲಿ ನಿಂತು ಹೇಳಬಾರದು. ಅವರು ಸುಮ್ನೆ ಬಿಟ್ಟಿರುವುದಿಲ್ಲ.

ಹಂಚುವ ವಿಷಯದಲ್ಲಿ ನಮ್ಮಲ್ಲೇ ವಾದ ನಡೆಯಿತು. ಚೀಲ ತುಂಬಿಸಿ ಕೈಗೆ ಕೊಡುವುದು ಬೇಗ ಮುಗಿಯುತ್ತದೆ. ಆದರೆ ಮಾರನೇ ದಿನ ಬೀದಿ ಕೊನೆಯಲ್ಲಿ ನಾವು ಕೊಟ್ಟ ಬದನೆಕಾಯಿ ಬಿದ್ದಿದ್ದನ್ನು ನೋಡಿದೆ. ಯಾರಿಗೋ ಬೇಡವಾಗಿತ್ತು, ಹೇಳಲು ನಾವು ಅವಕಾಶವೇ ಕೊಟ್ಟಿರಲಿಲ್ಲ. ಈಗ ಬೆಂಚಿನ ಮೇಲೆ ಸಾಲಾಗಿ ಇಡುತ್ತೇವೆ, ಬಂದವರು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುತ್ತಾರೆ. ಯಾವ ಸಭೆ, ಯಾವ ಧರ್ಮ ಅಂತ ಕೇಳುವುದಿಲ್ಲ. ಪ್ರಾರ್ಥನೆಗೆ ಕೂತರೆ ಮಾತ್ರ ತರಕಾರಿ ಅನ್ನುವುದೂ ಇಲ್ಲ. ಹೀಗಿದ್ದರೆ ಸೇವೆಗೂ ಸಭೆಗೂ ಏನು ಸಂಬಂಧ ಎಂದು ಕೇಳಿದವರಿದ್ದಾರೆ. ಬೈಬಲಿನಲ್ಲಿ ಹಕ್ಕಲು ಆಯಲು ಹೋದ ಬಡ ವಿಧವೆ ರೂತಳ ಕಥೆ ಓದಿ ಅಂದೆ. ಅಲ್ಲಿ ಹೊಲದ ಒಡೆಯ ಬೋವಜನು ಆಳುಗಳಿಗೆ, ಸಿವುಡುಗಳಿಂದ ಬೇಕೆಂದೇ ಒಂದಷ್ಟು ತೆನೆ ಎಳೆದು ಬಿಟ್ಟುಬಿಡಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಎನ್ನುತ್ತಾನೆ. ಅವಳು ಅದನ್ನು ತಾನೇ ಆಯ್ದುಕೊಂಡು ಮನೆಗೆ ಹೋಗುತ್ತಾಳೆ. ನನಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು.

ನಮ್ಮ ಟೊಮೆಟೊ ರೈತರು ಈಗ ನಾಟಿ ಮಾಡುವಾಗಲೇ ಎರಡು ಸಾಲು ತೋರಿಸಿ "ಇವು ನಿಮ್ಮವು" ಅನ್ನುತ್ತಾರೆ. ಬೆಲೆ ಏರಿದ ವರ್ಷವೂ ಆ ಸಾಲು ಮುಟ್ಟಲಿಲ್ಲ.

ನಿನ್ನೆ ರಾತ್ರಿ ಅವರದೇ ಫೋನು. "ಎಲೆಕೋಸು ಬಲಿತು ಬಿರಿಯೋಕೆ ಶುರುವಾಗಿದೆ. ಒಂದು ಗಾಡಿ ಆಗುತ್ತೆ, ಬರ್ತೀರಾ?" ತಕ್ಷಣ ಹೂಂ ಅನ್ನುವ ಬಾಯಿಯನ್ನು ತಡೆದುಕೊಂಡು, ಹತ್ತು ನಿಮಿಷ ಕೊಡಿ ಅಣ್ಣಾ ಅಂದೆ. ಅಡುಗೆಮನೆಯ ಅಕ್ಕನಿಗೆ ಫೋನ್ ಮಾಡಿದೆ. ಈ ವಾರ ಅವರಲ್ಲಿ ಹೆಚ್ಚಲು ಇಬ್ಬರೇ ಇದ್ದಾರಂತೆ. ಇನ್ನೆರಡು ಕಡೆ ಕೇಳಿದೆ. ಒಟ್ಟು 85 ಕೆಜಿ.

"ನಾಲ್ಕು ಚೀಲ ಸಾಕು ಅಣ್ಣಾ" ಎಂದೆ. ಅತ್ತ ಕಡೆ ಅವರು ನಕ್ಕರು. "ಕಲಿತಿದ್ದೀರಿ" ಎಂದರು.