ಕೈ ಅಲುಗಲಿ ಬಿಡಿ, ಸೈಟ್ ನೋಡಿ: ಏರ್ ಪಿಸ್ತೂಲ್ ಕಲಿತ ನನ್ನ ಅನುಭವ

ಏರ್ ಪಿಸ್ತೂಲ್, ಅಂದರೆ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಪಿಸ್ತೂಲ್, ಕಲಿಯಲು ಬರುವವರೆಲ್ಲ ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಕೈ ಅಲುಗಾಡದ ಹಾಗೆ ಹಿಡಿಯುವುದು ಹೇಗೆ? ನಾನೂ ನಮ್ಮ ಕೋಚ್‌ಗೆ ಅದನ್ನೇ ಕೇಳಿದ್ದೆ. "ಅಲುಗಾಡುತ್ತಮ್ಮಾ, ನಂದೂ ಅಲುಗಾಡುತ್ತೆ. ಅದನ್ನ ಅದರ ಪಾಡಿಗೆ ಬಿಡಿ. ನೀವು ಫ್ರಂಟ್ ಸೈಟ್ ನೋಡಿ" ಅಂದರು. ಗುರಿ ಹಿಡಿಯಲು ಪಿಸ್ತೂಲಿನ ಮುಂದಿನ ತುದಿಯಲ್ಲಿರುವ ಕಡ್ಡಿಯೇ ಫ್ರಂಟ್ ಸೈಟ್. ಈಗ ಶೂಟಿಂಗ್ ರೇಂಜಿಗೆ ಹೊಸಬರು ಬಂದು ನನ್ನನ್ನು ಕೇಳಿದರೆ ನಾನು ಹೇಳುವುದೂ ಇಷ್ಟೇ. ಈ ಮಾತು ಯಾಕೆ ನಿಜ ಅನ್ನುವುದನ್ನು ಲೆಕ್ಕ ಹಾಕಿ ನೋಡಿದ ಮೇಲೆ ನನ್ನ ಅಭ್ಯಾಸದ ದಾರಿಯೇ ಬದಲಾಯಿತು.

ನಾನು ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಸಂಜೆ ಕ್ಲಬ್ಬಿನ ರೇಂಜ್. ಇಷ್ಟು ವಯಸ್ಸಾದ ಮೇಲೆ ಯಾಕೆ ಅಂತ ಹಿಂಜರಿಯುವವರು ಜಾಸ್ತಿ. ಅವರಿಗೆ ನಮ್ಮ ಊರಿನವರೇ ಆದ ಪ್ರಕಾಶ್ ನಂಜಪ್ಪ ಅವರ ಹೆಸರು ಹೇಳುತ್ತೇನೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದಾಗ ಅವರಿಗೆ 38 ವರ್ಷ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜೇಬಿಗೆ ಕೈ ಹಾಕಿಕೊಂಡು ನಿಂತು ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರಿಗೆ 51. ಆ ಫೋಟೋ ನೋಡಿ ಅದೇನೋ ಸ್ಟೈಲ್ ಅಂದುಕೊಂಡವರು ತುಂಬಾ ಜನ. ಹಾಗಲ್ಲ. ಇದು ಒಂದೇ ಕೈಯ ಆಟ. ಇನ್ನೊಂದು ಕೈ ತೂಗಾಡಿದರೆ ಮೈ ತೂಗಾಡುತ್ತದೆ, ಅದಕ್ಕೇ ಅದನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಸಿಕ್ಕಿಸಿಡುವುದು. ನಾವೆಲ್ಲ ಹಾಗೇ ನಿಲ್ಲುತ್ತೇವೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಟಾರ್ಗೆಟ್ 10 ಮೀಟರ್ ದೂರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಇರುತ್ತದೆ. ನಡುವಿನ ಕಪ್ಪು ವೃತ್ತದ ಅಗಲ 59.5 ಮಿ.ಮೀ. ಅದರೊಳಗಿನ ಹತ್ತರ ರಿಂಗ್, ಅಂದರೆ ಹತ್ತು ಅಂಕ ಕೊಡುವ ನಡುವಿನ ವೃತ್ತ, 11.5 ಮಿ.ಮೀ., ಅಂಗಿಯ ಗುಂಡಿಯಷ್ಟು. ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಗುಂಡು, 4.5 ಮಿ.ಮೀ. ದಪ್ಪ, ಅದರ ಅಂಚು ಗೆರೆಗೆ ತಾಗಿದರೂ ಮೇಲಿನ ಅಂಕವೇ ಸಿಗುತ್ತದೆ. ಅಂದರೆ ಪೆಲೆಟ್‌ನ ನಡುಭಾಗ ಟಾರ್ಗೆಟ್‌ನ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಹತ್ತು. ಅಲ್ಲಿಂದಾಚೆ ಪ್ರತಿ 8 ಮಿ.ಮೀ.ಗೆ ಒಂದೊಂದು ಅಂಕ ಕಡಿಮೆಯಾಗುತ್ತಾ ಹೋಗುತ್ತದೆ.

ಪಿಸ್ತೂಲಿನ ಹಿಂದೆ ಒಂದು ಕಂಡಿ, ಅದು ರೇರ್ ಸೈಟ್. ಮುಂದೆ ಒಂದು ಕಡ್ಡಿ, ಅದು ಫ್ರಂಟ್ ಸೈಟ್. ಕಂಡಿಯ ನಡುವೆ ಕಡ್ಡಿ ನಿಂತು ಎರಡೂ ಪಕ್ಕದಲ್ಲಿ ಬೆಳಕು ಸಮನಾಗಿ ಕಾಣಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಇವೆರಡರ ನಡುವಿನ ದೂರ ಸುಮಾರು 33 ಸೆಂ.ಮೀ. ಟಾರ್ಗೆಟ್ ಇರುವುದು ಅದರ ಮೂವತ್ತು ಪಟ್ಟು ದೂರದಲ್ಲಿ. ಹಾಗಾಗಿ ಕಡ್ಡಿ ಕಂಡಿಯೊಳಗೆ ಕಾಲು ಮಿಲಿಮೀಟರ್ ಪಕ್ಕಕ್ಕೆ ಜರುಗಿದರೆ ಪೆಲೆಟ್ ಏಳೂವರೆ ಮಿ.ಮೀ. ಆಚೆ ಬೀಳುತ್ತದೆ. ಕಾಲು ಮಿಲಿಮೀಟರಿಗೆ ಹೆಚ್ಚು ಕಡಿಮೆ ಒಂದು ರಿಂಗ್ ಹೋಯಿತು! ಅದೇ ಸೈಟ್‌ಗಳು ಎರಡೂ ಸರಿಯಾಗಿ ಹೊಂದಿಕೊಂಡು, ಇಡೀ ಪಿಸ್ತೂಲ್ ಒಟ್ಟಿಗೆ ತೇಲಾಡುತ್ತಿದ್ದರೆ? ಟಾರ್ಗೆಟ್ ಮೇಲೆ ಅದು ಎಷ್ಟು ಜರುಗಿದ ಹಾಗೆ ಕಾಣುತ್ತದೋ ಪೆಲೆಟ್ ಅಷ್ಟೇ ಜರುಗುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಕಣ್ಣಿಗೆ ದೊಡ್ಡದಾಗಿ ಕಾಣುವ ಅಲುಗಾಟ ತೆಗೆಯುವುದು ಒಂದೋ ಎರಡೋ ಅಂಕ. ಕಣ್ಣಿಗೆ ಕಾಣದೇ ಹೋಗುವ ಸೈಟ್ ತಪ್ಪು ತೆಗೆಯುವುದು ಮೂರು ನಾಲ್ಕು ಅಂಕ.

ಆದರೆ ಕಣ್ಣು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೆ ಟಾರ್ಗೆಟ್ ನೋಡುವ ಆಸೆ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯಬಲ್ಲದು. ಟಾರ್ಗೆಟ್ ಚೂಪಾಗಿ ಕಂಡಿತು ಅಂದರೆ ಸೈಟ್ ಮಸುಕಾಯಿತು ಅಂತಲೇ ಅರ್ಥ. ಬೇಕಾಗಿರುವುದು ಇದರ ಉಲ್ಟಾ. ಕಡ್ಡಿಯ ಅಂಚು ಚೂಪಾಗಿರಬೇಕು, ಕಪ್ಪು ವೃತ್ತ ಸುಮ್ನೆ ಒಂದು ಮಸುಕು ಗುಂಡಾಗಿ ಹಿಂದೆ ಇರಬೇಕು. ಗುರಿ ಇಡುವುದೂ ಕಪ್ಪಿನ ಮೇಲಲ್ಲ, ಅದರ ಕೆಳಗಿನ ಬಿಳಿ ಜಾಗದಲ್ಲಿ. ಅಲ್ಲಿ ಕರಿ ಕಡ್ಡಿ ಎದ್ದು ಕಾಣುತ್ತದೆ. ಪೆಲೆಟ್ ಮೇಲೆ ಹತ್ತಕ್ಕೇ ಹೋಗುವ ಹಾಗೆ ರೇರ್ ಸೈಟ್‌ನ ಸ್ಕ್ರೂ ತಿರುಗಿಸಿಕೊಂಡರೆ ಆಯಿತು.

ನನಗೆ ದೂರದೃಷ್ಟಿಯ ಕನ್ನಡಕದಲ್ಲಿ ಫ್ರಂಟ್ ಸೈಟ್ ಎಷ್ಟು ಪ್ರಯತ್ನಪಟ್ಟರೂ ಪೂರ್ತಿ ಚೂಪಾಗುತ್ತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕೈ ಚಾಚಿದಷ್ಟು ದೂರಕ್ಕೆ ಸ್ಪಷ್ಟವಾಗಿ ಕಾಣಬೇಕು ಅಂತ ಹೇಳಿ ಬಲಗಣ್ಣಿಗೆ ಬೇರೆ ಪವರ್ ಬರೆಸಿಕೊಂಡೆ. ನಲವತ್ತರ ಹತ್ತಿರ ಇರುವವರು ಹೊಸ ಪಿಸ್ತೂಲಿಗೆ ದುಡ್ಡು ಹಾಕುವ ಮೊದಲು ಈ ಕೆಲಸ ಮಾಡಿ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ. ಮುಚ್ಚಿದರೆ ಮುಖವೆಲ್ಲ ಬಿಗಿಯುತ್ತದೆ, ಗುರಿ ಇಡುವ ಕಣ್ಣಿಗೂ ಆಯಾಸ. ಆ ಇನ್ನೊಂದು ಕಣ್ಣಿನ ಮುಂದೆ ಒಂದು ತೆಳು ಬಿಳಿ ಪ್ಲಾಸ್ಟಿಕ್ ತುಂಡು ಇದ್ದರೆ ಸಾಕು. ಅಗಲ 30 ಮಿ.ಮೀ. ಮೀರಬಾರದು ಅನ್ನುವುದು ನಿಯಮ.

ಮನೆಯಲ್ಲಿ ನಾನು ಮಾಡುವ ಅಭ್ಯಾಸಕ್ಕೆ ಟಾರ್ಗೆಟ್ಟೇ ಇಲ್ಲ. ಬಿಳಿ ಗೋಡೆ, ನಾನು, ಪಿಸ್ತೂಲ್. ಪೆಲೆಟ್ ಇಲ್ಲದೆ, ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆ ಮ್ಯಾಚ್ ಪಿಸ್ತೂಲುಗಳಲ್ಲಿ ಇರುತ್ತದೆ. ಗೋಡೆಯಲ್ಲಿ ನೋಡಲು ಬೇರೇನೂ ಇಲ್ಲದ್ದರಿಂದ ಕಣ್ಣು ತಾನಾಗಿ ಕಡ್ಡಿಯ ಮೇಲೆ ನಿಲ್ಲುತ್ತದೆ. ಟ್ರಿಗರ್ ಬಿಡುವ ಆ ಕ್ಷಣದಲ್ಲಿ ಕಡ್ಡಿ ಕಂಡಿಯೊಳಗೆ ಹಾರಿತಾ, ಇಳಿಯಿತಾ, ಇದ್ದಲ್ಲೇ ಇತ್ತಾ? ಅಷ್ಟನ್ನೇ ನೋಡುವುದು. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಅರ್ಧ ಗಂಟೆ. "ಗೋಡೆ ಆಯ್ತೇನಮ್ಮಾ?" ಅಂತ ನಮ್ಮತ್ತೆ ದಿನಾ ವಿಚಾರಿಸುತ್ತಾರೆ. ನನ್ನ ಅನಿಸಿಕೆಯಲ್ಲಿ ಹೊಸಬರ ಸ್ಕೋರ್ ಏರುವುದು ರೇಂಜಿನಲ್ಲಿ ಅಲ್ಲ, ಈ ಗೋಡೆಯ ಮುಂದೆಯೇ. ರೇಂಜಿನಲ್ಲೂ ಎಷ್ಟೋ ದಿನ ಟಾರ್ಗೆಟ್ ಕಾರ್ಡನ್ನು ತಿರುಗಿಸಿ ಬಿಳಿ ಬೆನ್ನಿಗೆ ಹೊಡೆಯುತ್ತೇನೆ. ಅಂಕ ಕಾಣುವುದಿಲ್ಲ, ತೂತುಗಳು ಎಷ್ಟು ಒಟ್ಟಿಗಿವೆ ಅನ್ನುವುದು ಮಾತ್ರ ಕಾಣುತ್ತದೆ.

ಟ್ರಿಗರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಎತ್ತಬೇಕು, ಮ್ಯಾಚ್‌ನಲ್ಲಿ ತೂಕದ ಕಲ್ಲು ನೇತುಹಾಕಿ ಪರೀಕ್ಷೆ ಮಾಡುತ್ತಾರೆ. ಪಿಸ್ತೂಲಿನ ತೂಕವೇ ಸುಮಾರು ಒಂದು ಕೆ.ಜಿ. ಕೈಯಲ್ಲಿ ತೇಲುತ್ತಿರುವ ಒಂದು ಕೆ.ಜಿ.ಯನ್ನು ಅಲುಗಿಸದೆ ಅರ್ಧ ಕೆ.ಜಿ. ಒತ್ತಡ ಹಾಕಬೇಕು ಅಂದರೆ ಬೆರಳು ನೆಟ್ಟಗೆ ಹಿಂದಕ್ಕೇ ಬರಬೇಕು. ಇಲ್ಲಿ ಕೈ ಅಲುಗಾಟದ ಭಯ ಮತ್ತೆ ಬಂದು ಸೇರಿಕೊಳ್ಳುತ್ತದೆ. ಸೈಟ್ ಸರಿಯಾದ ಜಾಗಕ್ಕೆ ಬಂತು ಅನ್ನಿಸಿದ ಕೂಡಲೇ 'ಈಗ!' ಅಂತ ಬೆರಳು ಜಗ್ಗುತ್ತದೆ. ಬಲಗೈಯವರಾದರೆ ಪೆಲೆಟ್ ಎಡಕ್ಕೆ ಕೆಳಗೆ ಹೋಗಿ ಕೂರುತ್ತದೆ. ಅಲುಗಾಟ ಒಂದು ಒಂಬತ್ತು ಕೊಡುತ್ತಿತ್ತು, ಜಗ್ಗಿದ್ದಕ್ಕೆ ಆರು ಬಂತು. ಅದಕ್ಕೇ ಅಲುಗಾಟದ ನಡುವೆಯೇ ಒತ್ತಡ ಸಮವಾಗಿ ಏರುತ್ತಾ ಹೋಗಬೇಕು, ಯಾವ ಕ್ಷಣದಲ್ಲಿ ಬಿಡುತ್ತದೆ ಅಂತ ಕಾಯಬಾರದು. ಇದನ್ನು ಕಲಿಯಲು ಇರುವ ಒಳ್ಳೆಯ ದಾರಿ ಗೋಡೆಯೇ.

ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿ, ಮರದ್ದು. ಅಂಗಡಿಯಿಂದ ಬಂದ ಹಾಗೇ ಯಾರ ಕೈಗೂ ಕೂರುವುದಿಲ್ಲ. ಬೇಕಾದ ಕಡೆ ವುಡ್ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ ಸರಿಮಾಡಿಕೊಳ್ಳುವುದು ಎಲ್ಲ ರೇಂಜಿನಲ್ಲೂ ನಡೆಯುತ್ತದೆ. ನನ್ನ ಅಂಗೈ ಚಿಕ್ಕದು. ಹೆಬ್ಬೆರಳಿನ ಬುಡದಲ್ಲಿ ಸಂದು ಉಳಿಯುತ್ತಿತ್ತು, ಅಲ್ಲಿ ತುಂಬಿದೆ. ತೋರುಬೆರಳು ಮರಕ್ಕೆ ತಾಗುತ್ತಿತ್ತು, ಆ ಪಕ್ಕವನ್ನು ಉಜ್ಜಿದೆ. ತೋರುಬೆರಳಿಗೆ ಟ್ರಿಗರ್ ಬಿಟ್ಟು ಬೇರೇನೂ ತಾಗಬಾರದು, ತಾಗಿದರೆ ಟ್ರಿಗರ್ ಒತ್ತುವಾಗ ಮರವನ್ನೂ ತಳ್ಳುತ್ತದೆ. ಹಿಡಿತ ಮುಖ್ಯವಾಗಿ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನದು. ಹೆಬ್ಬೆರಳು ಸುಮ್ನೆ ಒರಗಿರಲಿ. ಕಣ್ಣು ಮುಚ್ಚಿ ಪಿಸ್ತೂಲ್ ಎತ್ತಿ, ಕಣ್ಣು ಬಿಟ್ಟಾಗ ಕಡ್ಡಿ ಕಂಡಿಯ ನಡುವೆ ತಾನಾಗಿ ಇದ್ದರೆ ಗ್ರಿಪ್ ಸರಿಯಾಗಿದೆ. ನಿಲುವಿಗೂ ಇದೇ ಪರೀಕ್ಷೆ. ಸೈಟ್ ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಇದ್ದರೆ ಕೈ ತಿರುಗಿಸಬೇಡಿ, ಹಿಂದಿನ ಕಾಲನ್ನು ಒಂದಿಷ್ಟು ಜರುಗಿಸಿ.

ಒಂದು ಶಾಟ್ ನನ್ನಲ್ಲಿ ಹೀಗೆ ನಡೆಯುತ್ತದೆ. ಪೆಲೆಟ್ ಅನ್ನು ಚಪ್ಪಟೆ ತಲೆ ಮುಂದಾಗಿ ಇಟ್ಟು ಮುಚ್ಚುತ್ತೇನೆ. ಆ ಚಪ್ಪಟೆ ತಲೆಯೇ ಕಾಗದದಲ್ಲಿ ದುಂಡಗೆ ತೂತು ಕೊರೆಯುವುದು. ಗ್ರಿಪ್ ಕೂರಿಸಿಕೊಂಡು ಮಣಿಕಟ್ಟು ಬಿಗಿಮಾಡುತ್ತೇನೆ. ಉಸಿರು ತೆಗೆದುಕೊಳ್ಳುತ್ತಾ ಟಾರ್ಗೆಟ್‌ಗಿಂತ ಮೇಲಕ್ಕೆ ಎತ್ತುತ್ತೇನೆ, ಬಿಡುತ್ತಾ ನಿಧಾನಕ್ಕೆ ಇಳಿಸುತ್ತೇನೆ. ಕಪ್ಪನ್ನು ದಾಟಿ ಬಿಳಿಗೆ ಬರುವಷ್ಟರಲ್ಲಿ ಟ್ರಿಗರ್‌ನ ಮೊದಲ ಹಂತ, ಅಂದರೆ ಶಾಟ್ ಹೋಗುವ ಮೊದಲಿನ ಹಗುರವಾದ ಒತ್ತು, ಮುಗಿದಿರುತ್ತದೆ. ಉಸಿರು ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ಕಡ್ಡಿಗೆ ಬರುತ್ತದೆ, ಬೆರಳು ಒತ್ತುತ್ತಾ ಹೋಗುತ್ತದೆ. ಐದರಿಂದ ಎಂಟು ಸೆಕೆಂಡಿನಲ್ಲಿ ಶಾಟ್ ಹೋಗಬೇಕು. ಹೋದ ಮೇಲೂ ಒಂದೆರಡು ಸೆಕೆಂಡ್ ಕಡ್ಡಿಯನ್ನೇ ನೋಡುತ್ತಾ ನಿಲ್ಲುತ್ತೇನೆ. ಎಲ್ಲಿ ಬಿತ್ತು ಅಂತ ನೋಡುವ ಮೊದಲೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ: ಬಲಕ್ಕೆ ಒಂಬತ್ತು. ಹೇಳಿದ್ದೂ ಬಿದ್ದದ್ದೂ ಹೊಂದಿಕೊಳ್ಳಲು ಶುರುವಾದ ದಿನ ನನಗೆ ಆದ ಖುಷಿ ಮೊದಲ ಹತ್ತು ಹೊಡೆದಾಗಲೂ ಆಗಿರಲಿಲ್ಲ.

ಹತ್ತು ಸೆಕೆಂಡ್ ಆದರೂ ಶಾಟ್ ಹೋಗದಿದ್ದರೆ ಕೈ ಇಳಿಸಿಬಿಡಬೇಕು. ಇದೇ ಕಷ್ಟದ ಪಾಠ. ಇಷ್ಟು ಹೊತ್ತು ಹಿಡಿದಿದ್ದೇನೆ, ಹೊಡೆದೇಬಿಡೋಣ ಅನ್ನಿಸುತ್ತದೆ. ಅಷ್ಟರಲ್ಲಿ ಕಣ್ಣು ದಣಿದಿರುತ್ತದೆ, ಕಡ್ಡಿ ಚೂಪಾಗಿ ಕಾಣುತ್ತಿದೆ ಅನ್ನುವುದು ಬರೀ ಭ್ರಮೆ. ಸಮಯವಂತೂ ಬೇಕಾದಷ್ಟಿದೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ಮ್ಯಾಚ್‌ನಲ್ಲಿ 60 ಶಾಟ್‌ಗೆ 75 ನಿಮಿಷ, ಅದಕ್ಕೂ ಮೊದಲು ತಯಾರಿಗೆ ಮತ್ತು ಸೈಟರ್ಸ್‌ಗೆ, ಅಂದರೆ ಲೆಕ್ಕಕ್ಕೆ ಸೇರದ ಪ್ರಯೋಗದ ಶಾಟ್‌ಗಳಿಗೆ, 15 ನಿಮಿಷ. ಹೆಂಗಸರಿಗೆ ಮೊದಲು 40 ಶಾಟ್ ಇತ್ತು, 2018ರಿಂದ ನಮಗೂ 60. ಇದು ಆಗಬೇಕಾಗಿದ್ದ ಕೆಲಸ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲೇ ಸಾಕು. ಸ್ಟೈರ್, ಮೊರಿನಿ, ವಾಲ್ಟರ್, ಪಾರ್ದಿನಿ ಕಂಪನಿಗಳ ಪಿಸ್ತೂಲುಗಳೆಲ್ಲವೂ ನಿಮಗಿಂತ ಚೆನ್ನಾಗಿಯೇ ಹೊಡೆಯುತ್ತವೆ, ಕೈಗೆ ಯಾವುದು ಕೂರುತ್ತದೋ ಅದನ್ನು ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ತಾರೀಕು ನೋಡಿ. ತಯಾರಾಗಿ ಹತ್ತು ವರ್ಷ ದಾಟಿದ್ದರೆ ಹೊಸ ಸಿಲಿಂಡರ್‌ನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ಶೂ ಚಪ್ಪಟೆ ಅಡಿಯದ್ದೇ ಇರಲಿ, ಪಾದದ ಗಂಟು ಮುಚ್ಚುವಂಥದ್ದು ನಡೆಯುವುದಿಲ್ಲ. ಪೆಲೆಟ್ ಸೀಸದ್ದು, ಹಾಗಾಗಿ ಕೈ ತೊಳೆಯದೆ ಏನೂ ತಿನ್ನಬೇಡಿ. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರು ಅದು ಬೀಟಾ ಬ್ಲಾಕರ್ ಹೌದೋ ಅಲ್ಲವೋ ಅಂತ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಎದೆಬಡಿತ ಇಳಿಸಿ ಕೈ ನಿಲ್ಲಿಸುವ ಔಷಧಿ ಅದು, ಶೂಟಿಂಗ್‌ನಲ್ಲಿ ನಿಷೇಧ ಇದೆ. ಸುಮ್ನೆ ತಾವಾಗಿ ಮಾತ್ರೆ ನಿಲ್ಲಿಸಲೂ ಬೇಡಿ. ಇನ್ನು ಸುರಕ್ಷತೆಯಲ್ಲಿ ಒಂದು ಚೂರೂ ರಾಜಿ ಇಲ್ಲ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು, ಹೊಡೆಯದಿದ್ದಾಗ ಬಣ್ಣದ ಸೇಫ್ಟಿ ಫ್ಲ್ಯಾಗ್ ನಳಿಗೆಯೊಳಗೆ ಇರಬೇಕು. ಮನೆಯಲ್ಲೂ ಅಷ್ಟೇ. ಗೋಡೆ ಅಭ್ಯಾಸದ ಕೋಣೆಗೆ ನಾನು ಪೆಲೆಟ್ ಡಬ್ಬಿ ತರುವುದೇ ಇಲ್ಲ.

ಮ್ಯಾಚ್‌ನಲ್ಲಿ ಅಲುಗಾಟ ಜಾಸ್ತಿಯಾಗುತ್ತದೆ, ಇದು ಎಲ್ಲರಿಗೂ. ರಾಜ್ಯ ಚಾಂಪಿಯನ್‌ಷಿಪ್‌ನಲ್ಲಿ 'ಸ್ಟಾರ್ಟ್' ಅಂದಾಗ ನನ್ನ ಎದೆಬಡಿತ ಕಡ್ಡಿಯ ತುದಿಯಲ್ಲೇ ಕಾಣುತ್ತಿತ್ತು. ಗೋಡೆಯ ಮುಂದೆ ಕಲಿತದ್ದು ಆಗ ಕೈಹಿಡಿಯಿತು. ಅಲುಗಾಟದ ಜೊತೆಗೇ ಹೊಡೆಯಲು ಅಭ್ಯಾಸ ಮಾಡಿದವರಿಗೆ ಅದು ಸ್ವಲ್ಪ ಹೆಚ್ಚಾದರೆ ಹೊಸದೇನೂ ಆಗುವುದಿಲ್ಲ. ಇನ್ನೊಂದು ಲೆಕ್ಕವೂ ಧೈರ್ಯ ಕೊಡುತ್ತದೆ. ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಮನು ಭಾಕರ್ ಅರ್ಹತಾ ಸುತ್ತಿನಲ್ಲಿ ಹೊಡೆದದ್ದು 600ಕ್ಕೆ 580. ಒಲಿಂಪಿಕ್ ಪದಕದ ದಾರಿಯಲ್ಲೂ 20 ಅಂಕ ಹೋಗುತ್ತವೆ, ಅಲ್ವಾ? ಒಂಬತ್ತು ಬಂದರೆ ಬೇಜಾರು ಮಾಡಿಕೊಳ್ಳುವುದನ್ನು ನಾನು ಬಿಟ್ಟೆ. ಏಳು, ಆರು ಬರದ ಹಾಗೆ ನೋಡಿಕೊಳ್ಳುವುದೇ ನನ್ನ ಈ ವರ್ಷದ ಕೆಲಸ. ಡೈರಿಯಲ್ಲಿ ಸ್ಕೋರ್ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು ಎಷ್ಟು ಶಾಟ್‌ನಲ್ಲಿ ಕಡ್ಡಿ ಚೂಪಾಗಿ ಕಂಡಿತು, ಎಷ್ಟು ಸಲ ಕೈ ಇಳಿಸಬೇಕಿದ್ದಾಗ ಇಳಿಸಿದೆ ಅನ್ನುವುದನ್ನು ಬರೆಯುತ್ತೇನೆ.