ಅರವತ್ತರ ಮೇಲೆ ಗೆಳೆತನ ತಾನಾಗಿ ಆಗುವುದಿಲ್ಲ, ಹೀಗೆ ಮಾಡಿ ನೋಡಿ

ಕೆಲಸದಲ್ಲಿದ್ದಷ್ಟು ದಿನ ಗೆಳೆಯರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಪಕ್ಕದ ಮೇಜಿನಲ್ಲೇ ಕೂತಿರುತ್ತಿದ್ದರು ಅಲ್ವಾ. ನಿವೃತ್ತಿಯಾದ ಹೊಸದರಲ್ಲಿ ಒಂದಷ್ಟು ಫೋನು ಬರುತ್ತವೆ, ಆಮೇಲೆ ಅದೂ ನಿಲ್ಲುತ್ತದೆ. ಕುರ್ಚಿ ಇದ್ದಾಗ ಮಾತ್ರ ಬೆಲೆ ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ನನಗೇನೋ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಆ ಸ್ನೇಹವನ್ನು ಹಿಡಿದಿಟ್ಟಿದ್ದು ದಿನಾ ಸಿಗುತ್ತಿದ್ದ ಜಾಗ. ಜಾಗ ಹೋಯಿತು, ಭೇಟಿ ನಿಂತಿತು, ಅಷ್ಟೇ. ಹಾಗಾಗಿ ಈಗ ಮತ್ತೆ ಮತ್ತೆ ಸಿಗುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ತಿಂಗಳು ಯಾರ ಜೊತೆ ಕೂತು ಮಾತಾಡಿದಿರಿ, ಹೆಸರು ಬರೆಯಿರಿ. ಮಗ, ಮಗಳು, ಸೊಸೆ, ಅಳಿಯ ಬೇರೆ ಸಾಲಿನಲ್ಲಿ. ಅವರು ಬೇಡ ಅಂತಲ್ಲ, ಆದರೆ ಮಕ್ಕಳ ಮುಂದೆ ನಾವು ಅಪ್ಪ ಅಮ್ಮ ಆಗಿಯೇ ಇರುತ್ತೇವೆ, ಹದಿನೆಂಟರ ವಯಸ್ಸಿನ ತರಲೆ ಹೊರಗೆ ಬರುವುದು ಗೆಳೆಯರ ಮುಂದೆ ಮಾತ್ರ. ಪಟ್ಟಿ ಚಿಕ್ಕದಾಗಿದ್ದರೆ ಗಾಬರಿ ಬೇಡ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಹೇಳುವಂತೆ, ಮುಂದಿರುವ ಸಮಯ ಕಡಿಮೆ ಅನ್ನಿಸಿದಾಗ ಜನ ತಾವಾಗಿಯೇ ಮನಸ್ಸಿಗೆ ಹತ್ತಿರದವರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಡುತ್ತಾ ಹೋಗುತ್ತಾರೆ. ಗಟ್ಟಿಯಾದ ಎರಡು ಮೂರು ಹೆಸರಿದ್ದರೆ ಸಾಕು. ಒಂದೂ ಇಲ್ಲ ಅಂದರೆ ಇವತ್ತೇ ಶುರು ಮಾಡಿ.

ಸುಲಭದ ದಾರಿ ಹಳೆಯ ಗೆಳೆಯರದ್ದು. ಇಲ್ಲಿ ಎಲ್ಲರನ್ನೂ ತಡೆಯುವುದು ಒಂದೇ ಯೋಚನೆ: ಹತ್ತು ವರ್ಷ ಆಯ್ತು, ಈಗ ಫೋನ್ ಮಾಡಿದರೆ ಏನಂದುಕೊಳ್ಳುತ್ತಾನೋ. ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಸರಿಯಾಗಿ ಇದನ್ನೇ ನೋಡಿದೆ. ಸುಮ್ನೆ ಹೇಗಿದ್ದೀಯ ಅಂತ ಕೇಳಿದರೆ ಆ ಕಡೆಯವರಿಗೆ ಆಗುವ ಖುಷಿ ನಾವು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಇಷ್ಟು ದಿನ ಯಾಕೆ ಮಾಡಲಿಲ್ಲ ಅನ್ನುವ ಸಮಜಾಯಿಷಿ ಬೇಡ. "ಹಳೇ ಫೋಟೋ ನೋಡ್ತಿದ್ದೆ, ನೀನು ನೆನಪಾದೆ" ಅಂದರೆ ಮುಗಿಯಿತು. ಮತ್ತೆ ದಯವಿಟ್ಟು, ದಿನಾ ಬೆಳಗ್ಗೆ ಹೂವಿನ ಚಿತ್ರ ಫಾರ್ವರ್ಡ್ ಮಾಡಿ ಅದನ್ನು ಮಾತಾಡಿದ ಲೆಕ್ಕಕ್ಕೆ ಸೇರಿಸಬೇಡಿ.

ಹೊಸ ಗೆಳೆತನಕ್ಕೆ ಗಂಟೆಗಳು ಬೇಕು. ಜೆಫ್ರಿ ಹಾಲ್ ಎಂಬ ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿದಂತೆ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನಕ್ಕೆ 200ಕ್ಕೂ ಹೆಚ್ಚು. ಅವರು ನೋಡಿದ್ದು ಹೊಸ ಊರಿಗೆ ಬಂದವರನ್ನು ಮತ್ತು ಕಾಲೇಜು ಸೇರಿದವರನ್ನು, ವಯಸ್ಸಾದವರನ್ನಲ್ಲ, ಆದರೂ ಅಂದಾಜಿಗೆ ಒಳ್ಳೆಯದು. ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಸಿಕ್ಕರೆ ಮೂರು ತಿಂಗಳಿಗೆ 50 ಗಂಟೆ ಆಗುತ್ತದೆ. ಎರಡು ಸಲ ಹೋಗಿ "ಅಲ್ಲಿ ಯಾರೂ ಸರಿ ಇಲ್ಲ" ಅಂತ ವಾಪಸ್ ಬರುವವರಿಗೆ ಈ ಲೆಕ್ಕ ಹೇಳಬೇಕು. ದಿನ, ಸಮಯ, ಜಾಗ ಮೂರೂ ಬದಲಾಗದ ಕಡೆ ಸೇರಿಕೊಳ್ಳಿ: ನಡಿಗೆಯ ಗುಂಪು, ಭಜನೆ, ಇಸ್ಪೀಟು, ಲೈಬ್ರರಿ, ಯಾವುದಾದರೂ ಸರಿ. ಕೈಗೆ ಕೆಲಸ ಇರುವ ಜಾಗವಾದರೆ ಇನ್ನೂ ಒಳ್ಳೆಯದು, ಗಿಡಕ್ಕೆ ಪಾತಿ ಮಾಡುತ್ತಾ ಬರುವ ಮಾತು ಎದುರುಬದುರು ಕೂತರೆ ಬರುವುದಿಲ್ಲ. ಅಲ್ಲಿ ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರಿದ್ದರೆ ಅವರನ್ನು ಬಿಡಬೇಡಿ. ಒಂದೇ ವಯಸ್ಸಿನವರೇ ಆದರೆ ಎಲ್ಲರಿಗೂ ಒಟ್ಟಿಗೆ ಮಂಡಿ ನೋವು ಬರುತ್ತದೆ, ಆಮೇಲೆ ಒಬ್ಬೊಬ್ಬರೇ ಹೋಗಿಬಿಡುತ್ತಾರೆ.

ಗಂಡಸರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನಮ್ಮ ತಂದೆ ನಲವತ್ತು ವರ್ಷ ಯಾರಿಗೂ ತಾವಾಗಿ ಫೋನ್ ಮಾಡಿದವರಲ್ಲ. ನೆಂಟರಿಗೂ ಅಮ್ಮನೇ, ಅವರದೇ ಗೆಳೆಯರ ಮನೆಗೂ ಅಮ್ಮನೇ. ಅಮ್ಮ ಹೋದ ಮೇಲೆ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದರು, ಯಾರ ನಂಬರ್ ಯಾವ ಹೆಸರಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಹೆಂಡತಿ ಇರುವಾಗಲೇ ವಾರಕ್ಕೆ ಎರಡು ಫೋನು ನೀವೇ ಮಾಡಿ.

ಕಿವಿ ತೋರಿಸಿಕೊಳ್ಳಿ. ಕೇಳಿಸದವರು ಮೊದಲು ಸುಮ್ಮನೆ ನಗುತ್ತಾರೆ, ಆಮೇಲೆ ಹೋಗುವುದನ್ನೇ ಬಿಡುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ, ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ 14 ಅಂಶಗಳ ಪಟ್ಟಿಯಲ್ಲಿ ಶ್ರವಣ ದೋಷವೂ ಇದೆ, ಒಂಟಿತನದ ಬದುಕೂ ಇದೆ.

ಸಿಕ್ಕಾಗ ಬಿಪಿ, ಶುಗರ್, ಮಾತ್ರೆ ಎಲ್ಲಾ ಹೇಳಿಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಹತ್ತು ನಿಮಿಷಕ್ಕೆ ಮುಗಿಸಿ. ಸಹಾಯ ಮಾಡಿ, ಕೇಳಿ ಕೂಡ. "ನಾಳೆ ಡಾಕ್ಟರ್ ಹತ್ತಿರ ಜೊತೆಗೆ ಬರ್ತೀಯಾ" ಅಂದರೆ ಗೆಳೆಯನಿಗೆ ಭಾರ ಅಲ್ಲ, ತನ್ನನ್ನು ಹತ್ತಿರದವನು ಅಂದುಕೊಂಡಿದ್ದೀರಿ ಅಂತ ಗೊತ್ತಾಗುತ್ತದೆ. ಏಳುವ ಮುಂಚೆ ಮುಂದಿನ ಭೇಟಿಯ ದಿನ ಗೊತ್ತು ಮಾಡಿಕೊಂಡೇ ಏಳಿ. "ಯಾವಾಗಾದ್ರೂ ಸಿಗೋಣ" ಅಂದಿರೋ, ಆ ಯಾವಾಗಾದರೂ ಬರುವುದೇ ಇಲ್ಲ.