ಹಳೆಯ ಫಿಶರ್ ಕೊಯ್ಯಿಸದೆ ಒಣಗಿದ ಬಗೆ: ನನ್ನ ಅನುಭವ

ಫಿಶರ್ ಎಂದರೆ ಗುದದ್ವಾರದ ಅಂಚಿನ ಚರ್ಮ ಸೀಳಿ ಆಗುವ ಗಾಯ. ಆರೆಂಟು ವಾರ ದಾಟಿದರೆ ಅದು ಮುಲಾಮಿಗೆ ಬಗ್ಗುವುದಿಲ್ಲ, ಕೊಯ್ಯಿಸಲೇಬೇಕು ಎಂದು ಗೋಣಿಕೊಪ್ಪದಿಂದ ಮಡಿಕೇರಿವರೆಗೆ ಹೇಳದವರಿಲ್ಲ. ಮುಲಾಮಿನ ಚೀಟಿ ಬರೆದ ಸರ್ಜನ್‌ಗೂ ಅರೆಮನಸ್ಸೇ. ನನ್ನದು ವರ್ಷ ಮೀರಿದ್ದು, ಹಿಂಭಾಗದ ನಡುಗೆರೆಯಲ್ಲಿ, ಹೊರಗೆ ಚರ್ಮದ ಕುಡಿಯೂ ಬೆಳೆದಿತ್ತು. ಅದು ಒಣಗಿತು, ಆಮೇಲಿನ ಮಳೆಗಾಲಗಳಲ್ಲೂ ತಿರುಗಿ ಬಂದಿಲ್ಲ. ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಕೂರುವುದು, ಮಲ ಮೆದುವಾಗಿಸುವ ಇಸಬ್‌ಗೋಲು ಎಲ್ಲರಿಗೂ ಗೊತ್ತಿರುವವೇ. ಅವು ಎಲ್ಲಿ ಕೈಕೊಡುತ್ತವೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ದುಡ್ಡು ಹಾಳಾದ ಲೆಕ್ಕ. ಮೆಡಿಕಲ್‌ನಲ್ಲಿ ಕೇಳಿದೊಡನೆ ಕೊಡುವ ಪೈಲ್ಸ್ ಮುಲಾಮುಗಳಲ್ಲಿ ಹಲವು ಲಿಗ್ನೊಕೇನ್ ಮತ್ತು ಸ್ಟಿರಾಯ್ಡ್ ಬೆರೆತವು. ಸ್ವಲ್ಪ ಹೊತ್ತು ಮರಗಟ್ಟುತ್ತದೆ, ಗಾಯ ಮಾತ್ರ ಇದ್ದಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡಿನಿಂದ ಚರ್ಮ ತೆಳ್ಳಗಾಗುತ್ತದೆ. ಸೋನಾಮುಖಿ ಚೂರ್ಣದ್ದು ಬೇರೆಯೇ ಕಾಟ: ಹೊಟ್ಟೆ ಹಿಂಡಿ ನೀರಾಗಿ ಹೋಗುತ್ತದೆ, ನೀರಾದ ಮಲವೂ ಗಾಯವನ್ನು ಕೆರಳಿಸುತ್ತದೆ. ಮುಟ್ಟಿದರೆ ಮುನಿ ರಸಕ್ಕೆ ಖರ್ಚಿಲ್ಲ, ಗುಣವೂ ಕಾಣಲಿಲ್ಲ. ಇದರಲ್ಲೆಲ್ಲ ಎಂಟೊಂಬತ್ತು ಸಾವಿರ ಕರಗಿರಬೇಕು. ಲೇಸರ್ ಆಪರೇಷನ್ನಿನ ಪ್ಯಾಕೇಜಿಗೆ ಆಸ್ಪತ್ರೆಯಲ್ಲಿ ಕೇಳಿದ್ದು 50,000 ರೂಪಾಯಿಯ ಮೇಲೆ.

ನಂತರ ಸಿಕ್ಕಿದ್ದು ನೈಟ್ರೊಗ್ಲಿಸರಿನ್ ಮುಲಾಮು. ಗುದದ್ವಾರದ ಸ್ನಾಯುವಿನ ಬಿಗಿತ ಸಡಿಲವಾಗಿ ರಕ್ತ ಹರಿದರೆ ಗಾಯ ಮಾಯುತ್ತದೆ, ಆ ಕೆಲಸ ಇದು ಮಾಡುತ್ತದೆ. ಆದರೆ ಹಚ್ಚಿದ ಸ್ವಲ್ಪ ಹೊತ್ತಿಗೆ ತಲೆ ಸಿಡಿಯುತ್ತದೆ, ತೋಟದ ಏರು ಹತ್ತುವಾಗ ಕಣ್ಣು ಕತ್ತಲಿಡುತ್ತದೆ. ಸಿಲ್ಡೆನಾಫಿಲ್ (ವಯಾಗ್ರ) ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದರ ಹತ್ತಿರವೂ ಹೋಗಬಾರದು, ಬಿ.ಪಿ. ಕುಸಿಯುತ್ತದೆ.

ಕೆಲಸ ಕೊಟ್ಟದ್ದು ಶೇ. 2ರ ಡಿಲ್ಟಿಯಾಜೆಮ್ ಮುಲಾಮು, ಇದೂ ಸ್ನಾಯು ಸಡಿಲಿಸುವಂಥದ್ದೇ. ದಿನಕ್ಕೆ ಎರಡು ಸಲ, ಬಟಾಣಿಯಷ್ಟು. ಬರೀ ಹೊರಗೆ ಸವರಿದ್ದು ನನಗೆ ದಂಡವಾಯಿತು. ಕೈಗವಸು ಹಾಕಿ ಬೆರಳ ತುದಿಯಿಂದ ಅಂಚಿನ ಸುತ್ತ ಮತ್ತು ಅಂಚಿನಿಂದ ಸ್ವಲ್ಪವೇ ಒಳಗೆ ಹಚ್ಚಬೇಕು. ಆಳಕ್ಕೆ ತಳ್ಳಿದರೆ ಗಾಯ ಮತ್ತೆ ಹರಿಯುತ್ತದೆ. 30 ಗ್ರಾಂ ಟ್ಯೂಬು ಹೆಚ್ಚುಕಡಿಮೆ ತಿಂಗಳು ಬರುತ್ತದೆ, ನಾನು ಕೊಂಡಾಗ ಬೆಲೆ 200ರ ಆಸುಪಾಸಿತ್ತು. ಹೆಚ್ಚಿನವರು ಸೋಲುವುದು ಎರಡನೇ ವಾರದಲ್ಲಿ: ನೋವು ಹೋಯಿತೆಂದು ಟ್ಯೂಬು ಮೂಲೆಗೆಸೆಯುತ್ತಾರೆ. ನೋವು ಮೊದಲು ಹೋಗುತ್ತದೆ, ಚರ್ಮ ಕೂಡುವುದು ಆಮೇಲೆ. ಪೂರ್ತಿ ಎಂಟು ವಾರ ತಪ್ಪದೆ ಹಚ್ಚಬೇಕು. ಕೆಲವರಿಗೆ ಸುತ್ತ ತುರಿಕೆ, ಗುಳ್ಳೆ ಬರುತ್ತದೆ. ಬಂದರೆ ನಿಲ್ಲಿಸಿ ತೋರಿಸಬೇಕು. ಹೃದಯದ ಅಥವಾ ಬಿ.ಪಿ. ಮಾತ್ರೆ ನಡೆಯುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಟಬ್ಬಿನ ವಿಷಯದಲ್ಲಿ ನಮ್ಮ ಕೊಡಗಿನವರ ರೋಗ ಒಂದೇ, ಹಂಡೆಯ ಕುದಿನೀರು. ಮೈಗೆ ಹುಯ್ಯುವ ಆ ಬಿಸಿ ಇಲ್ಲಿಗೆ ಬೇಡ. ಮೊಣಕೈ ಅದ್ದಿದರೆ ಹಾಯೆನಿಸುವಷ್ಟು ಬಿಸಿ, ಹತ್ತು ಹದಿನೈದು ನಿಮಿಷ, ಕಕ್ಕಸಿನಿಂದ ಬಂದೊಡನೆ ಒಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ. ಉಪ್ಪು, ಡೆಟಾಲ್ ಯಾವುದೂ ಬೇಕಿಲ್ಲ. ಡೆಟಾಲಿನಿಂದ ಚರ್ಮ ಉರಿಯುತ್ತದೆ. ಒತ್ತಿ ಒರೆಸಿ, ಉಜ್ಜಬೇಡಿ. ಮುಲಾಮು ಅದಾದ ಮೇಲೆ.

ಇಸಬ್‌ಗೋಲು ರಾತ್ರಿ ಎರಡು ಚಮಚ, ದೊಡ್ಡ ಲೋಟ ನೀರಿಗೆ ಕಲಸಿ ಗಟ್ಟಿಯಾಗುವ ಮುಂಚೆ ಕುಡಿದು, ಮೇಲಿಂದ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಕಟ್ಟುತ್ತದೆ. ಮೊದಲ ವಾರ ಒಂದೇ ಚಮಚ, ಇಲ್ಲವಾದರೆ ವಾಯು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ನಮ್ಮಲ್ಲಿ ಹೆಚ್ಚಿನ ಫಿಶರ್ ಹದಗೆಡುವುದೂ ಆಗಲೇ ಎಂದು ನನ್ನ ಅಂದಾಜು. ಫ್ಲಾಸ್ಕಿನಲ್ಲಿ ಬೆಚ್ಚನೆಯ ನೀರಿಟ್ಟರೆ ದಿನಕ್ಕೆರಡು ಲೀಟರ್ ಇಳಿಯುತ್ತದೆ. ಬೆಳಿಗ್ಗೆ ಕಡಂಬುಟ್ಟು, ರಾತ್ರಿ ನೂಪುಟ್ಟು ಎಂದರೆ ಬರೀ ಬಿಳಿ ಅಕ್ಕಿಯಾಯಿತು. ಒಂದು ಹೊತ್ತಾದರೂ ರಾಗಿ, ಜೊತೆಗೆ ಸೊಪ್ಪು, ಪಪ್ಪಾಯಿ.

ಸುಮ್ಮನೆ ಕೆಲವನ್ನು ಪರೀಕ್ಷಿಸಿಯೂ ನೋಡಿದ್ದೇನೆ. ಗಾಂಧಾರಿ ಮೆಣಸು ತಿಂದ ಮರುದಿನ ಉರಿ ಖಂಡಿತ, ಕರಿಮೆಣಸು ಅಷ್ಟು ಕಾಡಲಿಲ್ಲ. ಪಂದಿಕರಿ ಬಿಡಲಿಲ್ಲ, ಮೆಣಸಿನ ಪುಡಿ ಇಳಿಸಿದೆ, ಅಷ್ಟೇ. ಬೆಲ್ಲದ ಕಾಫಿ ಎದ್ದೊಡನೆ ಕುಡಿದರೆ ಕಕ್ಕಸಿನ ಕರೆ ಬೇಗ ಬರುತ್ತದೆ. ಕಮೋಡಿನ ಮುಂದೆ ಕಾಲಿಡಲು ಗಿಡ್ಡ ಮಣೆ ಹಾಕಿದರೆ ತಿಣುಕುವುದು ತಪ್ಪುತ್ತದೆ. ಮೊಬೈಲ್ ಒಳಗೆ ಒಯ್ಯಬಾರದು, ಐದು ನಿಮಿಷದಲ್ಲಿ ಎದ್ದು ಬರಬೇಕು. ಜೆಟ್ ಸ್ಪ್ರೇ ಜೋರಾದರೆ ಅದೇ ಗಾಯಕ್ಕೆ ಪೆಟ್ಟು.

ಎರಡು ಟ್ಯೂಬು, ಐದಾರು ಪೊಟ್ಟಣ ಇಸಬ್‌ಗೋಲು, ಡಾಕ್ಟರ ಫೀಸು ಎಲ್ಲ ಸೇರಿ ಎರಡೂವರೆ ಸಾವಿರ ಮುಟ್ಟಿರಲಿಕ್ಕಿಲ್ಲ. ಕೊಯ್ಯಿಸಿ ಎಂದವರೇ ಈಗ ಟ್ಯೂಬಿನ ಹೆಸರು ಕೇಳುತ್ತಾರೆ.

ಎಂಟು ವಾರ ಸರಿಯಾಗಿ ಮಾಡಿಯೂ ಒಣಗದಿದ್ದರೆ ಹಠ ಬೇಡ. ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆ, ಸ್ನಾಯುವಿನ ಅಂಚು ಕತ್ತರಿಸುವ ಆಪರೇಷನ್ ಇದೆ. ಆಪರೇಷನ್‌ನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ವಾಸಿಯಾಗುತ್ತದೆ, ಕೆಲವರಿಗೆ ಮಾತ್ರ ವಾಯು ತಡೆಯುವ ಹಿಡಿತ ತಪ್ಪುತ್ತದೆ. ಗಾಯ ನಡುಗೆರೆ ಬಿಟ್ಟು ಪಕ್ಕದಲ್ಲಿದ್ದರೆ, ಕೀವು, ಜ್ವರ, ತೂಕ ಇಳಿತ, ಮಲದಲ್ಲಿ ಬೆರೆತ ರಕ್ತ ಕಂಡರೆ ಈ ಯಾವ ಮದ್ದಿಗೂ ಕೈಹಾಕದೆ ಮೊದಲು ಪರೀಕ್ಷೆ ಮಾಡಿಸಿ, ಟಿ.ಬಿ., ಕ್ರೋನ್ಸ್ (ಕರುಳಿನ ಉರಿಯೂತದ ರೋಗ), ಕ್ಯಾನ್ಸರ್‌ಗಳೂ ಹೀಗೆ ತೋರಬಹುದು.

ಹೊರಗಿನ ಕುಡಿ ಮುಲಾಮಿಗೆ ಕರಗುವುದಿಲ್ಲ. ತೊಳೆಯಲು ಅಡ್ಡಿಯಾಗದಿದ್ದರೆ ಅದನ್ನು ಹಾಗೇ ಬಿಟ್ಟರೂ ನಡೆಯುತ್ತದೆ.